ಒಂದು ಬೂಟಿನ ಅಂಗಡಿಯ ಕಥೆ
(ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಎಲ್ಲಾ ಮೊಬೈಲಿನಲ್ಲೇ ಬರುತ್ತೆ, ಸಂಘದ ಮಳಿಗೆ ಇನ್ನು ಯಾಕೆ ಎಂಬ ಮಾತು ನಮ್ಮಲ್ಲೂ ಎದ್ದಿದೆ. ಅದಕ್ಕೇ ಜರ್ಮನಿಯ ಒಂದು ಮನೆತನದ ಸಂಗತಿ ಹೇಳ್ತೇವೆ.

1913ರಲ್ಲಿ ಎಸ್ಸೆನ್ ನಗರದ ಬೊರ್ಬೆಕ್‌ನಲ್ಲಿ ಹೈನ್ರಿಕ್ ಡೈಷ್‌ಮನ್ ಬೂಟು ರಿಪೇರಿ ಅಂಗಡಿ ಇಟ್ಟರು. ಗಿರಾಕಿಗಳು ಕಲ್ಲಿದ್ದಲು ಗಣಿಯ ಕಾರ್ಮಿಕರು. 1940ರಲ್ಲಿ ಅವರು ತೀರಿಕೊಂಡ ಮೇಲೆ ಪತ್ನಿ ಯೂಲಿಯೆ ಅಂಗಡಿ ನಡೆಸಿದರು. ಯುದ್ಧ ಮುಗಿದಾಗ ತೊಗಲಿಗೇ ಬರ. ಮಗ ಹೈನ್ಸ್-ಹೋರ್ಸ್ಟ್ ಮರದ ಅಟ್ಟೆಗೆ ಪ್ಯಾರಾಚೂಟಿನ ಪಟ್ಟಿ ಹಾಕಿಸಿ ಚಪ್ಪಲಿ ಮಾಡಿಸಿದರು. ಮಕ್ಕಳಿಗೆ ಚಿಕ್ಕದಾದ ಬೂಟು ತಂದವರಿಗೆ ದೊಡ್ಡದು ಬದಲಿ ಸಿಗುತ್ತಿತ್ತು. ಇದು ಸಹಕಾರವಲ್ಲದೆ ಮತ್ತೇನು ಸ್ವಾಮಿ! ಈ ಮಗ ಮೂಳೆ ವೈದ್ಯರು. 1956ರಲ್ಲಿ ವೈದ್ಯಕೀಯ ಬಿಟ್ಟು ಅಂಗಡಿಗೇ ನಿಂತರು.

ಮೊಮ್ಮಗನ ಕಾಲಕ್ಕೆ, 2000ದಲ್ಲಿ, ಆನ್‌ಲೈನ್ ಮಾರಾಟ ಶುರುವಾಯಿತು. ಕಾಲಿಗೆ ಹಾಕಿ ನೋಡದೆ ಬೂಟು ಕೊಳ್ಳೋದು ಹೇಗೆ? ಹಿಡಿಸದಿದ್ದರೆ ಅವರದೇ ಅಂಗಡಿಗೆ ಹಿಂತಿರುಗಿಸಬಹುದು. ಅಂಗಡಿಯಲ್ಲಿ ಅಳತೆ ಸಿಗದಿದ್ದರೆ ಅಲ್ಲೇ ಹೇಳಿ ಮನೆಗೆ ತರಿಸಬಹುದು. ಎರಡೂ ಒಂದಕ್ಕೊಂದು ಆಸರೆ.

ನಮ್ಮ ಮಳಿಗೆಯ ವಿಷಯ ಮುಂದಿನ ಮಹಾಸಭೆಗೆ ಬರಲಿದೆ. ಅಷ್ಟರೊಳಗೆ ಒಮ್ಮೆ ಮಳಿಗೆಗೆ ಬಂದು, ಏನೇನು ತರಿಸಬೇಕು ಅಂತ ಬರೆದುಕೊಟ್ಟು ಹೋಗಿ.