ಸಂಬಳ ಎಷ್ಟನೇ ತಾರೀಖು ಆಯಿತು?

ಮಾನ್ಯ ಕುಲಪತಿಗಳೇ, ಅಧ್ಯಾಪಕ ಮಿತ್ರರೇ, ದೂರದ ಊರುಗಳಿಂದ ಬಂದು ಕುಳಿತಿರುವ ತಾಯಿತಂದೆಯರೇ, ಇಂದು ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಪಡೆದ ಗೆಳೆಯ ಗೆಳತಿಯರೇ,

ಎಲ್ಲರಿಗೂ ಅಭಿನಂದನೆ. ಚಿನ್ನದ ಪದಕ ಪಡೆದವರಿಗೂ, ಉಳಿದ ವಿಷಯವನ್ನು ಮತ್ತೆ ಕಟ್ಟಿ ಪಾಸಾದವರಿಗೂ ಒಂದೇ ತೂಕದ ಅಭಿನಂದನೆ. ಹೊಗಳುವ ಕೆಲಸವನ್ನು ನಿಮ್ಮ ಮೇಷ್ಟ್ರುಗಳಿಗೆ ಬಿಟ್ಟು ನಾನು ನೇರವಾಗಿ ನನ್ನ ಮಾತಿಗೆ ಬರುತ್ತೇನೆ.

ನಾನು ರಾಯಚೂರು ಜಿಲ್ಲೆಯ ಸಣ್ಣ ಸಂಸ್ಥೆಯೊಂದರಲ್ಲಿ ಕ್ಷೇತ್ರ ಕಾರ್ಯಕರ್ತೆಯಾಗಿ ಕೆಲಸಕ್ಕೆ ಸೇರಿದವಳು. ಆಮೇಲೆ ಬೆಂಗಳೂರಿನ ಪ್ರತಿಷ್ಠಾನವೊಂದರ ಅನುದಾನ ವಿಭಾಗಕ್ಕೆ ಹೋಗಿ ಅಲ್ಲಿಯೇ ನಿವೃತ್ತಳಾದೆ. ದುಡ್ಡು ಕೇಳುವವರ ಸಾಲಿನಲ್ಲೂ ಕೂತಿದ್ದೇನೆ, ಕೊಡುವವರ ಸಾಲಿನಲ್ಲೂ ಕೂತಿದ್ದೇನೆ. ನಿಮ್ಮಲ್ಲಿ ಕೆಲವರು ಹಳ್ಳಿಯ ಸಂಸ್ಥೆಗಳಿಗೆ ಹೋಗುತ್ತೀರಿ, ಕೆಲವರು ಫೌಂಡೇಶನ್‌ಗಳಿಗೆ, ಕಂಪನಿಗಳ ಸಿಎಸ್‌ಆರ್ ವಿಭಾಗಗಳಿಗೆ. ಎರಡೂ ಕಡೆಯವರು ಒಂದೇ ಸಭಾಂಗಣದಲ್ಲಿ, ಒಂದೇ ಬಣ್ಣದ ಗೌನು ತೊಟ್ಟು ಪಕ್ಕಪಕ್ಕದಲ್ಲಿ ಕೂರುವುದು ಬಹುಶಃ ಇದೇ ಕೊನೆ. ಆದ್ದರಿಂದ ಈ ಮಾತನ್ನು ಇಲ್ಲೇ ಹೇಳಿಬಿಡಬೇಕು: ನಾವು ಕೆಲಸಕ್ಕೆ ದುಡ್ಡು ಕೊಡುತ್ತಿದ್ದೇವೆ, ಕೆಲಸ ಮಾಡುವ ಸಂಸ್ಥೆಗೆ ಕೊಡುತ್ತಿಲ್ಲ. ಇದರಿಂದ ನಮ್ಮ ಜಿಲ್ಲೆಗಳ ಒಳ್ಳೆಯ ಸಂಸ್ಥೆಗಳು ಸೊರಗುತ್ತಿವೆ.

ಕೊಡುವುದು ನಮ್ಮ ನಾಡಿಗೆ ಹೊಸದಲ್ಲ. ಶಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಆಸ್ತಿಯನ್ನು ಮಕ್ಕಳ ಓದಿಗೆಂದು ಬರೆದಿಟ್ಟು 1906ರಲ್ಲಿ ತೀರಿಕೊಂಡರು. ಬೆಳಗಾವಿಯ ಲಿಂಗರಾಜ ಕಾಲೇಜು ಅವರ ಹೆಸರಿನದೇ. ಬೆಂಗಳೂರಿನ ರೈಲು ನಿಲ್ದಾಣದ ಎದುರಿಗೆ ಗುಬ್ಬಿ ತೋಟದಪ್ಪನವರು ಕಟ್ಟಿಸಿದ ಛತ್ರದಲ್ಲಿ ನಿಮ್ಮ ಅಜ್ಜಂದಿರು ಯಾರಾದರೂ ಒಂದು ರಾತ್ರಿ ಮಲಗಿ ಎದ್ದಿರುತ್ತಾರೆ. ಅವರು ಕೊಟ್ಟದ್ದು ನೆಲ, ಕಟ್ಟಡ, ಅದರಿಂದ ಬರುವ ಹುಟ್ಟುವಳಿ. ಹುಟ್ಟುವಳಿ ಇದ್ದಲ್ಲಿ ಅಡುಗೆಯವರ ಸಂಬಳಕ್ಕೆ, ಸೋರುವ ಮಾಡಿಗೆ, ಲೆಕ್ಕ ಬರೆಯುವ ಗುಮಾಸ್ತರಿಗೆ ಬೇರೆ ಯಾರ ಮುಂದೆಯೂ ಕೈ ಚಾಚಬೇಕಿಲ್ಲ.

ಇನ್ನೂ ಹತ್ತಿರದ ಒಂದು ಸಂಗತಿ. ಈಗ ಪ್ರತಿ ಹಳ್ಳಿಯಲ್ಲೂ ಇರುವ ಸ್ವಸಹಾಯ ಸಂಘಗಳಲ್ಲಿ ನಿಮ್ಮ ತಾಯಂದಿರಲ್ಲಿ ಅನೇಕರು ಸದಸ್ಯರಾಗಿದ್ದಾರೆ. 1980ರ ದಶಕದ ನಡುವಿನಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಕೆಲಸ ಮಾಡುತ್ತಿದ್ದ ಕಡೆ ದೊಡ್ಡ ಸಹಕಾರ ಸಂಘಗಳು ಒಡೆದವು. ಜನ ಸಣ್ಣ ಸಣ್ಣ ಗುಂಪಾಗಿ ಬಂದು, ಸಾಲ ತೀರಿಸುತ್ತೇವೆ, ಆದರೆ ಆ ದೊಡ್ಡ ಸಂಘಕ್ಕೆ ಕಟ್ಟುವುದಿಲ್ಲ ಎಂದರು. ಹಾಗಾದರೆ ನಿಮ್ಮ ನಿಮ್ಮ ಗುಂಪಿನಲ್ಲೇ ಇಟ್ಟುಕೊಳ್ಳಿ ಎಂಬ ಮಾತಿನಿಂದ ಹೊಸದೊಂದು ಬಗೆ ಹುಟ್ಟಿತು. 1987ರಲ್ಲಿ ರಾಷ್ಟ್ರೀಯ ಗ್ರಾಮೀಣಾಭಿವೃದ್ಧಿ ಬ್ಯಾಂಕಾದ ನಬಾರ್ಡ್ ಮೈರಾಡಕ್ಕೆ 10 ಲಕ್ಷ ರೂಪಾಯಿ ಕೊಟ್ಟು, ಗುಂಪುಗಳ ಉಳಿತಾಯಕ್ಕೆ ಜೊತೆಹಣವಾಗಿ ಬಳಸಲು ಬಿಟ್ಟಿತು. 1992ರಲ್ಲಿ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗವನ್ನು ನಬಾರ್ಡ್ ದೇಶದಲ್ಲಿ ಶುರುಮಾಡಿತು. ಸಾಲ ಕೊಟ್ಟ ಸಂಘ ಮುರಿದ ಮೇಲೂ ಮೈರಾಡದ ಕಾರ್ಯಕರ್ತರು ಅದೇ ಊರಿನಲ್ಲಿದ್ದರು, ಜನರ ಮಾತು ಕೇಳಲು ಅವರಿಗೆ ಪುರಸೊತ್ತಿತ್ತು. ಆ ಪುರಸೊತ್ತಿಗೆ ಯಾರೋ ಸಂಬಳ ಕೊಟ್ಟಿದ್ದರು. ಇವತ್ತಿನ ಯಾವ ಪ್ರಾಜೆಕ್ಟ್ ಬಜೆಟ್ಟಿನಲ್ಲಿ ಅಂಥ ಸಾಲೊಂದು ಇದೆ ಎಂದು ಹುಡುಕುತ್ತೇನೆ, ಸಿಗುವುದಿಲ್ಲ.

ನನ್ನ ಕಣ್ಣೆದುರಿಗೇ ಆದ ಬದಲಾವಣೆಯೊಂದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ತಾಳ್ಮೆಯಿರಲಿ.

2013ರ ಕಂಪನಿ ಕಾಯ್ದೆಯ 135ನೇ ಕಲಮು 2014ರ ಏಪ್ರಿಲ್‌ನಿಂದ ಜಾರಿಗೆ ಬಂತು. ಒಂದು ಮಟ್ಟ ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ತೆಗೆದಿಡಬೇಕು, ಇದೇ ಸಿಎಸ್‌ಆರ್ ಹಣ. ಹೊಸ ಹಣ ಬಂತು, ಅದರಿಂದ ಶಾಲೆಗಳಾದವು, ಆಸ್ಪತ್ರೆಗಳಿಗೆ ಯಂತ್ರಗಳು ಬಂದವು. ಅದನ್ನು ಸಣ್ಣದು ಮಾಡಿ ಮಾತಾಡಲಾರೆ. ಆದರೆ ಕಂಪನಿಯು ತನ್ನ ಕಾರ್ಯಕ್ಷೇತ್ರದ ಸುತ್ತಲ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಎಂದು ಅದೇ ಕಲಮು ಹೇಳುತ್ತದೆ. ಕಂಪನಿಗಳಿರುವ ಕಡೆ ಹಣ ಹರಿಯಿತು. 2018ರಲ್ಲಿ ಕೇಂದ್ರ ಸರ್ಕಾರ ಮಹತ್ವಾಕಾಂಕ್ಷಿ ಜಿಲ್ಲೆಗಳೆಂದು ಗುರುತಿಸಿದ ನಮ್ಮ ರಾಯಚೂರು, ಯಾದಗಿರಿಗಳಲ್ಲಿ ಎಷ್ಟು ಕಂಪನಿಗಳಿವೆ? ಗುಳೆ ಹೋಗುವ ಕುಟುಂಬಗಳು ಬೆಂಗಳೂರಿಗೆ ಬಂದು ಕಟ್ಟಡ ಕಟ್ಟುತ್ತವೆ, ಆ ಕಟ್ಟಡದೊಳಗಿನ ಕಂಪನಿಯ ಲಾಭದ ಪಾಲು ಅವರ ಊರಿನ ತನಕ ಹೋಗುವುದು ಕಷ್ಟ.

2020ರ ಸೆಪ್ಟೆಂಬರ್‌ನಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ ತಿದ್ದುಪಡಿ ಬಂತು. ಆಡಳಿತ ವೆಚ್ಚದ ಮಿತಿ ಶೇ 50ರಿಂದ 20ಕ್ಕೆ ಇಳಿಯಿತು. ಅದಕ್ಕಿಂತ ದೊಡ್ಡ ಹೊಡೆತ ಇನ್ನೊಂದು: ವಿದೇಶಿ ದೇಣಿಗೆ ಪಡೆದ ಸಂಸ್ಥೆ ಅದನ್ನು ಮತ್ತೊಂದು ಸಂಸ್ಥೆಗೆ ಹಂಚುವಂತಿಲ್ಲ ಎಂದಾಯಿತು. ತಾಲ್ಲೂಕು ಮಟ್ಟದ ಸಣ್ಣ ಸಂಸ್ಥೆಗಳು ಬದುಕುತ್ತಿದ್ದದ್ದೇ ಆ ಹಂಚಿಕೆಯಲ್ಲಿ. ಇಂಗ್ಲಿಷಿನಲ್ಲಿ ಅರ್ಜಿ ಬರೆಯಲು ಬಾರದ, ಆದರೆ ಊರಿನ ಪ್ರತಿ ಮನೆಯ ಕಷ್ಟ ಗೊತ್ತಿರುವ ಸಂಸ್ಥೆಗಳು ಅವು. 2021ರ ಜನವರಿಯಲ್ಲಿ ಸಿಎಸ್‌ಆರ್ ನಿಯಮಗಳೂ ಬದಲಾದವು, ಯಾವುದೇ ಸಂಸ್ಥೆಯ ಮೂಲನಿಧಿಗೆ ಸಿಎಸ್‌ಆರ್ ಹಣ ಕೊಡುವ ದಾರಿ ಮುಚ್ಚಿತು. ದೇಸಾಯರು, ತೋಟದಪ್ಪನವರು ಕೊಟ್ಟ ಬಗೆಯಲ್ಲಿ ಕಂಪನಿಯೊಂದು ಈಗ ಕೊಡಬೇಕೆಂದರೂ ಸಿಎಸ್‌ಆರ್ ಲೆಕ್ಕದಲ್ಲಿ ಕೊಡಲಾಗದು.

ಇದೇ ನಿಯಮಗಳಲ್ಲಿ ಶೇ 5ರ ಮಿತಿಯೊಂದಿದೆ. ಈ ಐದರ ಬಗ್ಗೆ ನಾನು ಎಲ್ಲಿ ಹೋದರೂ ಮಾತಾಡುತ್ತೇನೆ, ಇಲ್ಲಿಯೂ ಬಿಡುವುದಿಲ್ಲ. ಅದು ಕಂಪನಿಯು ತನ್ನದೇ ಸಿಎಸ್‌ಆರ್ ವಿಭಾಗ ನಡೆಸಲು ಮಾಡುವ ಆಡಳಿತ ವೆಚ್ಚಕ್ಕೆ ಹಾಕಿದ ಮಿತಿ. ಕೆಲಸ ಮಾಡುವ ಸ್ವಯಂಸೇವಾ ಸಂಸ್ಥೆಯ ಖರ್ಚಿಗೆ ಹಾಕಿದ್ದಲ್ಲ. ಕಂಪನಿ ವ್ಯವಹಾರಗಳ ಸಚಿವಾಲಯ 2021ರ ಆಗಸ್ಟ್‌ನಲ್ಲಿ ಹೊರಡಿಸಿದ ಪ್ರಶ್ನೋತ್ತರ ರೂಪದ ಸುತ್ತೋಲೆ ಓದಿದರೆ ಇದು ತಿಳಿಯುತ್ತದೆ. ಆದರೂ ಎಷ್ಟೋ ಸಿಎಸ್‌ಆರ್ ಕಚೇರಿಗಳಲ್ಲಿ ಚಿಕ್ಕ ವಯಸ್ಸಿನ ಅಧಿಕಾರಿಗಳು ಸಂಸ್ಥೆಯವರಿಗೆ, ನಿಮ್ಮ ಓವರ್‌ಹೆಡ್ ಶೇ 5 ದಾಟುವಂತಿಲ್ಲ, ಕಾನೂನಿದೆ ಎಂದು ಹೇಳಿ ಕಳಿಸುತ್ತಾರೆ. ಸಂಸ್ಥೆಯವರು ತಲೆಯಾಡಿಸಿ ಬರುತ್ತಾರೆ. ಬಾಡಿಗೆ, ಕರೆಂಟು ಬಿಲ್ಲು, ಆಡಿಟರ್ ಶುಲ್ಕ, ಲೆಕ್ಕ ಬರೆಯುವವರ ಸಂಬಳ, ಬಸ್ ಚಾರ್ಜು ಎಲ್ಲವನ್ನೂ ಆ ಐದರೊಳಗೆ ತುರುಕುತ್ತಾರೆ, ಉಳಿದದ್ದನ್ನು ತಮ್ಮ ಸಂಬಳದಲ್ಲಿ ಕಡಿಮೆ ಮಾಡಿಕೊಳ್ಳುತ್ತಾರೆ. ಹಾಲು ಕರೆಯುವುದಕ್ಕೆ ದುಡ್ಡು ಕೊಡುತ್ತೇನೆ, ಹಸುವಿನ ಮೇವಿಗೆ ಕೊಡುವುದಿಲ್ಲ ಎಂದಂತಾಯಿತು ಇದು. ಸುತ್ತೋಲೆ ಓದುವುದಕ್ಕೆ ಒಂದು ಮಧ್ಯಾಹ್ನ ಸಾಕು. ಓದದೆ ಕಾನೂನಿನ ಹೆಸರು ಹೇಳುವ ಯುವಕರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ಈ ವಿಷಯದಲ್ಲಿ ನನ್ನ ಕಣ್ಣು ತೆರೆಸಿದವರು ನಮ್ಮ ಪ್ರತಿಷ್ಠಾನದ ಲೆಕ್ಕಾಧಿಕಾರಿಯಾಗಿದ್ದ ಹಿರಿಯರು. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾಗಿ ಬಂದವರು, ಹಾಸನ ಕಡೆಯವರು. ಬಿಳಿ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಒಂದು ಕೆಂಪು. ಅವರ ಜೊತೆ ಸಂಸ್ಥೆಗಳ ಭೇಟಿಗೆ ಹೊರಟರೆ ಬಸ್ಸಿನಲ್ಲೇ ಹೋಗಬೇಕು. ಕಾರಿನಲ್ಲಿ ಹೋದರೆ ಸಂಸ್ಥೆಯ ಹುಡುಗರು ಹೇಗೆ ಓಡಾಡುತ್ತಾರೆ ಅಂತ ನಮಗೆ ಹೇಗಮ್ಮ ಗೊತ್ತಾಗುತ್ತೆ ಎನ್ನುವರು.

ಸಂಸ್ಥೆಯ ಕಚೇರಿಗೆ ಹೋದೊಡನೆ ಅವರು ನಿರ್ದೇಶಕರ ಕೋಣೆಗೆ ಹೋಗುತ್ತಿರಲಿಲ್ಲ. ಫೋಟೊ ಆಲ್ಬಮ್ಮು, ಚಾರ್ಟು ಇವುಗಳನ್ನು ಸಂಜೆಗೆ ನೋಡೋಣ ಎನ್ನುತ್ತಿದ್ದರು. ಲೆಕ್ಕ ಬರೆಯುವ ಹುಡುಗಿಯ ಮೇಜಿನ ಎದುರು ಕುರ್ಚಿ ಎಳೆದುಕೊಂಡು, ನೀರು ಕುಡಿದು, ಒಂದೇ ಪ್ರಶ್ನೆ ಕೇಳುವರು: “ಕಳೆದ ತಿಂಗಳ ಸಂಬಳ ಎಷ್ಟನೇ ತಾರೀಖು ಆಯ್ತಮ್ಮ?”

ದೇವದುರ್ಗದ ಕಡೆಯ ಒಂದು ಸಂಸ್ಥೆಯಲ್ಲಿ ಆ ಹುಡುಗಿ ಸುಮ್ಮನಾದಳು. ನಂತರ, “ಇನ್ನಾ ಆಗಿಲ್ರಿ ಸರ್. ಎರಡು ತಿಂಗಳದ್ದು ಉಳದೈತ್ರಿ” ಎಂದಳು. ಗುಳೆ ಹೋದವರ ಮಕ್ಕಳಿಗೆ ಊರಿನಲ್ಲೇ ವಸತಿ ಕೇಂದ್ರ ನಡೆಸುತ್ತಿದ್ದ ಸಂಸ್ಥೆ ಅದು. ಮಕ್ಕಳಿಗೆ ಹೊತ್ತಿಗೆ ಸರಿಯಾಗಿ ಊಟ ಸಿಗುತ್ತಿತ್ತು. ರೇಷನ್ ಅಂಗಡಿಯವನಿಗೆ, ಹಾಲಿನವನಿಗೆ ಬಾಕಿ ಇರಲಿಲ್ಲ. ಬಾಕಿ ಇದ್ದದ್ದು ಅಡುಗೆ ಮಾಡುವವಳಿಗೆ, ರಾತ್ರಿ ಮಕ್ಕಳ ಜೊತೆ ಮಲಗುವ ಕಾರ್ಯಕರ್ತೆಗೆ, ಈ ಲೆಕ್ಕದ ಹುಡುಗಿಗೆ. ನಮ್ಮ ಹಿರಿಯರು ನಗದು ಪುಸ್ತಕ ತಿರುವಿ, ದಾನಿಗಳ ಕಂತು ಬಂದ ತಾರೀಖುಗಳನ್ನು ಒಂದು ಹಾಳೆಯಲ್ಲಿ ಬರೆದರು. ಪಕ್ಕದಲ್ಲಿ ಸಂಬಳ ಆದ ತಾರೀಖುಗಳನ್ನು ಬರೆದರು. ಎರಡೂ ಸಾಲು ಜೊತೆಜೊತೆಯಾಗಿಯೇ ಇಳಿದವು. ಕಂತು ತಡವಾದಷ್ಟೇ ಸಂಬಳ ತಡ. ಕಂತು ಏಕೆ ತಡ? ವರದಿ ಬಂದಿಲ್ಲವೆಂದು ದಾನಿ ಸಂಸ್ಥೆಯವರು ತಡೆದಿದ್ದರು. ವರದಿ ಏಕೆ ಬಂದಿಲ್ಲ? ಅದನ್ನು ಬರೆಯಬೇಕಾದವರು ಸಂಬಳವಿಲ್ಲದೆ ಕೆಲಸ ಬಿಟ್ಟಿದ್ದರು.

ಆ ಹಾಳೆಯನ್ನು ಮಡಚಿ ನನ್ನ ಕೈಗೆ ಕೊಟ್ಟು, ನಿಮ್ಮ ಟಿಪ್ಪಣಿಯ ಮೊದಲನೇ ಪುಟ ಇದೇ ಆಗಿರಲಿ ಎಂದರು. ಅಲ್ಲಿಂದಲೇ ಟ್ರಸ್ಟಿಗಳಲ್ಲಿ ಒಬ್ಬರಿಗೆ ಫೋನು ಮಾಡಿ, ಇನ್ನು ಮುಂದೆ ಮೊದಲ ಕಂತಿನಲ್ಲಿ ಆರು ತಿಂಗಳ ಸಂಬಳ ಸೇರಿರಬೇಕು, ವರದಿಗೆ ಕಾಯಬಾರದು ಎಂದು ವಾದಿಸಿದರು. ಆ ವಾದ ಆ ದಿನವೇ ಗೆಲ್ಲಲಿಲ್ಲ. ವರ್ಷಗಟ್ಟಲೆ ಪ್ರತಿ ಸಭೆಯಲ್ಲೂ ಎತ್ತಿ ಎತ್ತಿ ಕೊನೆಗೆ ನಿಯಮ ಮಾಡಿಸಿದರು. ಓಚರು ಸರಿಯಿಲ್ಲದಿದ್ದರೆ ಕೆಂಪು ಪೆನ್ನು ತೆಗೆಯುತ್ತಿದ್ದವರೂ ಅವರೇ. ಒಂದು ಟೀ ಬಿಲ್ಲಿಗೂ ಸಹಿ ಬೇಕು. ಆದರೆ ತಪ್ಪು ಕಂಡಾಗ ಕೂತು ಕಲಿಸುತ್ತಿದ್ದರು, ನೋಟಿಸು ಕಳಿಸುತ್ತಿರಲಿಲ್ಲ. ಅವರು ಈಗಿಲ್ಲ. ಅವರಿಂದ ಲೆಕ್ಕ ಕಲಿತ ಹೆಣ್ಣುಮಕ್ಕಳಲ್ಲಿ ಕೆಲವರು ಇವತ್ತು ತಾವೇ ಸಂಸ್ಥೆಗಳನ್ನು ನಡೆಸುತ್ತಿದ್ದಾರೆ.

ಫೌಂಡೇಶನ್ ಸೇರುವವರೇ, ನಿಮ್ಮ ಬಗ್ಗೆ ನನಗೊಂದು ಅಸಮಾಧಾನವಿದೆ. ನೀವು ಸ್ಕೇಲ್ ಎನ್ನುತ್ತೀರಿ, ಇಂಪ್ಯಾಕ್ಟ್ ಎನ್ನುತ್ತೀರಿ, ಆರು ತಿಂಗಳಿಗೇ ಫಲ ಕೇಳುತ್ತೀರಿ. ಬಾಲ್ಯವಿವಾಹ ತಡೆಯುವ ಕಾರ್ಯಕರ್ತೆಗೆ ಊರಿನ ಗೌಡರ ಮನೆಯಲ್ಲಿ ಒಂದು ಲೋಟ ನೀರು ಸಿಗಲು ಒಂದು ವರ್ಷ ಬೇಕು. ಅದಕ್ಕೆ ನಿಮ್ಮ ಆ್ಯಪ್‌ನಲ್ಲಿ ಕಾಲಮ್ ಇಲ್ಲ. ನೀವು ಹನ್ನೊಂದಕ್ಕೆ ಬಂದು ಮೂರಕ್ಕೆ ಹೊರಡುವ ಭೇಟಿಗಾಗಿ ಮೂವತ್ತು ಜನ ಹೆಂಗಸರು ಆ ದಿನದ ಕೂಲಿ ಬಿಟ್ಟು ಶಾಲೆಯ ಅಂಗಳದಲ್ಲಿ ಕೂತಿರುತ್ತಾರೆ. ಅವರು ಕೆಲಸ ಮುಗಿಸಿ ಬಂದ ಮೇಲೆ, ರಾತ್ರಿ ಹೋಗಿ. ಆ ಊರಿನಲ್ಲೇ ಉಳಿಯಿರಿ. ಮಕ್ಕಳ ಕೈಯಲ್ಲಿ ನಿಮ್ಮ ಬ್ಯಾನರು ಹಿಡಿಸಿ ಫೋಟೊ ತೆಗೆಯಬೇಡಿ. ಕನ್ನಡದಲ್ಲಿ ಬಂದ ಅರ್ಜಿಯನ್ನು ಕನ್ನಡದಲ್ಲೇ ಓದಿ, ಟ್ರಸ್ಟಿಗಳಿಗೆ ಇಂಗ್ಲಿಷ್ ಬೇಕಾದರೆ ಆ ಕೆಲಸ ನಿಮ್ಮದು. ಹಣ ಕೊಡುವುದಿಲ್ಲವೆಂದರೆ ತಿಂಗಳೊಳಗೆ ಹೇಳಿ, ಫೋನು ಎತ್ತದೆ ಇರಬೇಡಿ. ಕೊಡುವುದಾದರೆ ಮೂರು ವರ್ಷಕ್ಕೆ ಕೊಡಿ. ಬಿಟ್ಟು ಹೊರಡುವಾಗ ಒಂದು ವರ್ಷ ಮುಂಚೆ ತಿಳಿಸಿ. ಬಜೆಟ್ಟಿನಲ್ಲಿ ಲೆಕ್ಕ ಬರೆಯುವವರ ಸಂಬಳ ಕಾಣದಿದ್ದರೆ ನೀವೇ ಸೇರಿಸಿ.

ಹಳ್ಳಿಯ ಸಂಸ್ಥೆಗಳಿಗೆ ಹೋಗುವವರೇ, ನಿಮಗೆ ಹೇಳುವುದು ಹೆಚ್ಚಾಗಿ ಮನೆಯವರು ಹೇಳುವಂಥ ಮಾತು. ಸೇವೆ ಎಂಬ ಮಾತಿಗೆ ಮನಸೋತು ನೇಮಕಾತಿ ಪತ್ರವಿಲ್ಲದೆ ಕೆಲಸಕ್ಕೆ ಸೇರಬೇಡಿ. ಇಪ್ಪತ್ತು ಜನ ನೌಕರರಿದ್ದರೆ ಪಿಎಫ್ ಕಡ್ಡಾಯ, ಕೇಳಲು ನಾಚಬೇಡಿ. ಅದಕ್ಕಿಂತ ಕಡಿಮೆ ಜನರಿದ್ದರೂ ಸ್ವಇಚ್ಛೆಯಿಂದ ಸೇರಬಹುದು, ಸಂಸ್ಥೆಯವರಿಗೆ ಹೇಳಿ. ಲೆಕ್ಕ ಬರೆಯುವ ಟ್ಯಾಲಿ ತಂತ್ರಾಂಶ ಕಲಿಯಿರಿ. ಟ್ರಸ್ಟ್ ಡೀಡ್ ಅಥವಾ ಬೈಲಾ ಒಮ್ಮೆ ಪೂರ್ತಿ ಓದಿ. ಆದಾಯ ತೆರಿಗೆ ವಿನಾಯಿತಿಯ ನೋಂದಣಿ, ವಿದೇಶಿ ದೇಣಿಗೆಯ ನೋಂದಣಿ ಇವುಗಳ ನವೀಕರಣದ ತಾರೀಖುಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ತಾರೀಖು ತಪ್ಪಿ ಬಾಗಿಲು ಮುಚ್ಚಿದ ಸಂಸ್ಥೆಗಳನ್ನು ನೋಡಿ ಸಂಕಟಪಟ್ಟಿದ್ದೇನೆ. ಹೆಣ್ಣುಮಕ್ಕಳು ದ್ವಿಚಕ್ರ ವಾಹನದ ಲೈಸೆನ್ಸ್ ಈ ತಿಂಗಳೇ ಮಾಡಿಸಿ, ಕೊನೆಯ ಬಸ್ಸಿಗೆ ಹೆದರಿ ಅರ್ಧ ಸಭೆಯಲ್ಲಿ ಎದ್ದು ಬರುವುದು ತಪ್ಪುತ್ತದೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ನಿಮ್ಮ ಮದುವೆಗೆಂದು ಅಪ್ಪ ಕೂಡಿಟ್ಟ ಹಣವನ್ನು ಸಂಸ್ಥೆಯ ಬಾಡಿಗೆಗೆ ಕೊಡಬೇಡಿ. ದಾನಿ ಸಂಸ್ಥೆಯವರು ನಿಮ್ಮ ಊರಿಗೆ ಬೇಡದ ಕೆಲಸಕ್ಕೆ ದುಡ್ಡು ತಂದರೆ ಬೇಡವೆನ್ನಿ. ಅದು ಕಷ್ಟ, ಸಂಬಳದ ಪಟ್ಟಿ ಮುಂದಿರುವಾಗ ಬಹಳ ಕಷ್ಟ, ಆದರೂ ಬೇಡವೆನ್ನಿ.

ಐದಾರು ವರ್ಷಕ್ಕೆ ನಿಮ್ಮಲ್ಲಿ ಒಬ್ಬರು ಇನ್ನೊಬ್ಬರ ಎದುರು ಅರ್ಜಿ ಹಿಡಿದು ಕೂರುತ್ತೀರಿ. ಆಗ ಹಾಸ್ಟೆಲ್ಲಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡ ಸಲಿಗೆಯಿಂದಲೇ ಮಾತಾಡಿ. ಸರ್, ಮೇಡಂ ಎಂಬ ದೂರ ಬೇಡ. ಯಾವ ಖರ್ಚನ್ನು ಬಜೆಟ್ಟಿನಲ್ಲಿ ಬರೆಯದೆ ಬಚ್ಚಿಟ್ಟಿದ್ದೀಯ ಎಂದು ಕೊಡುವವರು ಕೇಳಿ, ಕೇಳುವವರು ನಿಜ ಹೇಳಿ.

ಕೊನೆಗೆ ಕುಲಪತಿಗಳಲ್ಲಿ ಒಂದು ಕೋರಿಕೆ. ಸಮಾಜಕಾರ್ಯದ ಪಠ್ಯದಲ್ಲಿ ಸಂಸ್ಥೆಯ ಲೆಕ್ಕಪತ್ರ ಮತ್ತು ಕಾನೂನಿಗೆ ಒಂದು ಪೂರ್ಣ ಪತ್ರಿಕೆ ಇರಲಿ. ಅದನ್ನು ಕಲಿಸಲು ಈ ಜಿಲ್ಲೆಯ ಸಂಸ್ಥೆಗಳಲ್ಲಿ ಲೆಕ್ಕ ಬರೆಯುತ್ತಿರುವ ಹೆಣ್ಣುಮಕ್ಕಳನ್ನು ಅತಿಥಿ ಉಪನ್ಯಾಸಕರಾಗಿ ಕರೆಯಿರಿ. ಅವರಿಗೆ ಪದವಿ ಇದೆಯೋ ಇಲ್ಲವೋ ನೋಡಬೇಡಿ. ಗೌರವಧನವನ್ನು ತರಗತಿ ಮುಗಿದ ದಿನವೇ ಅವರ ಖಾತೆಗೆ ಹಾಕಿ. ಈ ಪತ್ರಿಕೆಯ ಪಾಠಪಟ್ಟಿ ಮಾಡಿಕೊಡಲು ನಾನು ಸಿದ್ಧಳಿದ್ದೇನೆ, ಮುಂದಿನ ವಾರವೇ ಬರುತ್ತೇನೆ.