ಹೆಲ್ಪ್‌ಡೆಸ್ಕಿನಲ್ಲಿ ಮೊದಲ ನೌಕರಿ
(ವಾಚನಾಲಯದಲ್ಲಿ ಮಾಡಿದ ಭಾಷಣ)



ಕಂಪ್ಯೂಟರ್ ಕೆಲಸವೆಂದರೆ ಇಂಜಿನಿಯರುಗಳಿಗೇ ಮೀಸಲೆಂದು ನಮ್ಮ ಅನೇಕ ತರುಣರು ಅರ್ಜಿಯನ್ನೇ ಹಾಕುವುದಿಲ್ಲ. ಆದರೆ ಹೆಲ್ಪ್‌ಡೆಸ್ಕ್ ಎಂಬ ಮೊದಲ ಮೆಟ್ಟಿಲೊಂದಿದೆ. ಪ್ರಿಂಟರ್ ನಿಂತಿತು, ಪಾಸ್‌ವರ್ಡ್ ಮರೆತುಹೋಯಿತು ಎಂದು ಫೋನ್ ಮಾಡುವವರಿಗೆ ನೆರವಾಗುವುದೇ ಅಲ್ಲಿಯ ಕೆಲಸ.

ಸಂದರ್ಶನದಲ್ಲಿ ದೋಷ ಹುಡುಕುವ ನಿಮ್ಮ ಕ್ರಮವನ್ನು ಪರೀಕ್ಷಿಸುತ್ತಾರೆ. "ಇಂಟರ್‌ನೆಟ್ ಬರುತ್ತಿಲ್ಲ" ಎಂದರೆ ಏನು ಮಾಡುವಿರಿ? ಒಬ್ಬರಿಗೋ, ಎಲ್ಲರಿಗೋ ಎಂದು ಮೊದಲು ಕೇಳಿರಿ. ಆಮೇಲೆ ಕೇಬಲ್ ನೋಡಿರಿ. ವಿಂಡೋಸಿನಲ್ಲಿ ಐಪಿ ವಿಳಾಸವು 169.254 ಎಂದು ಆರಂಭವಾಗಿದ್ದರೆ, ಯಂತ್ರಕ್ಕೆ ಜಾಲದಿಂದ ವಿಳಾಸ ದೊರೆತಿಲ್ಲವೆಂದು ತಿಳಿಯಿರಿ. ಸರಿಪಡಿಸಿದ ಮೇಲೆ ಎಲ್ಲವನ್ನೂ ಬರೆದಿಡಿರಿ. ಎರಡು ಪತ್ರಿಕೆಗಳ ಕಾಂಪ್‌ಟಿಯಾ ಎ ಪ್ಲಸ್ ಪರೀಕ್ಷೆಯೂ ಇಂತಹ ಕ್ರಮವನ್ನೇ ಬೋಧಿಸುತ್ತದೆ. ಅದರ ಶುಲ್ಕ ಕಟ್ಟಲಾಗದವರು ಹಳೆಯ ಯಂತ್ರವೊಂದನ್ನು ಬಿಚ್ಚಿ ಜೋಡಿಸಿ ಅಭ್ಯಾಸ ಮಾಡಬಹುದು.

ಹೊರನಾಡಿನಲ್ಲಿ ಬೆಳೆದ ನಮ್ಮ ಮಕ್ಕಳು ಮೂರು ನಾಲ್ಕು ಭಾಷೆ ಬಲ್ಲರು. ಫೋನಿನ ಕೆಲಸದಲ್ಲಿ ಇದು ದೊಡ್ಡ ಬಂಡವಾಳ. ಅರ್ಜಿಯಲ್ಲಿ ತಪ್ಪದೆ ನಮೂದಿಸಿರಿ.

ಇನ್ನೊಂದು ಮಾತು. ನೌಕರಿ ಕೊಡಿಸುವೆನೆಂದು ಮುಂಗಡ ಹಣ ಕೇಳುವವನಿಗೆ ಬಿಡಿಕಾಸೂ ಕೊಡಬೇಡಿರಿ. ತಾಯಿಯ ಬಳೆ ಅಡವಿಟ್ಟು ಕೊಳ್ಳುವ ವಸ್ತುವಲ್ಲ ನೌಕರಿ.

ಅರ್ಜಿ ತಿದ್ದಿಸಿಕೊಳ್ಳುವವರು ಭಾನುವಾರ ಬೆಳಿಗ್ಗೆ ಇಲ್ಲಿಗೇ ಬನ್ನಿರಿ.