ಹಾರ್ಮೋನಿಯಂನಿಂದ ಪೈಪ್ ಆರ್ಗನ್‌ವರೆಗೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಬಿ.ಇ. ಮಾಡಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದವನು ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಎಂದುಕೊಂಡಿರುತ್ತೀರಿ. ನಾನು ಹೇಳಹೊರಟಿರುವುದು ಒಂದು ವಾದ್ಯದ ವಿಷಯ. ಜೊತೆಗೆ ಒಂದು ತಪ್ಪೊಪ್ಪಿಗೆಯೂ ಇದೆ.

ಒಂಬತ್ತನೇ ತರಗತಿಯಲ್ಲಿದ್ದಾಗ ಶಾಲಾ ವಾರ್ಷಿಕೋತ್ಸವದ ನಾಟಕಕ್ಕೆ ನಮ್ಮೂರಿನ ಹಾರ್ಮೋನಿಯಂ ಮೇಷ್ಟ್ರು ಬರುತ್ತಿದ್ದರು. ರಾತ್ರಿಯೆಲ್ಲ ಯಾವುದೋ ಊರಿನ ಕುರುಕ್ಷೇತ್ರ ನಾಟಕಕ್ಕೆ ನುಡಿಸಿ, ಬೆಳಿಗ್ಗೆ ನಮಗೆ ಹಾಡು ಕಲಿಸುತ್ತಿದ್ದರು. ಅವರದು ಕಾಲಿನಲ್ಲಿ ತುಳಿಯುವ ಹಾರ್ಮೋನಿಯಂ. ಅವರು ಟೀ ಕುಡಿಯಲು ಹೋದಾಗ ನಾನು ಅದರ ಮೇಲೆ ಹತ್ತಿ ಕುಣಿದೆ. ತಿದಿ ಹರಿಯಿತು. ಮೇಷ್ಟ್ರು ಬಂದು ನೋಡಿದರು, ನನ್ನ ಮುಖವನ್ನೂ ನೋಡಿದರು. ಎಲ್ಲರೆದುರು, "ಇಲಿ ಕಡ್ದಿರ್ಬೇಕು" ಎಂದರು. ಮಾರನೆಯ ದಿನ ತಾವೇ ಚರ್ಮ ಅಂಟಿಸಿಕೊಂಡು ಬಂದರು. ನಾನು ಬಾಯಿ ಬಿಡಲಿಲ್ಲ.

ಹತ್ತು ವರ್ಷಗಳ ಮೇಲೆ ಕಂಪನಿ ನನ್ನನ್ನು ಜರ್ಮನಿಯ ಹ್ಯಾಂಬರ್ಗ್‌ಗೆ ಕಳಿಸಿತು. ಒಂದು ಸಂಜೆ ಚಳಿ ತಾಳಲಾರದೆ ಸೇಂಟ್ ಯಾಕೋಬಿ ಎಂಬ ಚರ್ಚಿನೊಳಗೆ ಹೋಗಿ ಕುಳಿತೆ. ಇದ್ದಕ್ಕಿದ್ದಂತೆ ಕುಳಿತ ಬೆಂಚು ನಡುಗಿತು. ಮೇಲೆ ಪೈಪ್ ಆರ್ಗನ್ ನುಡಿಯುತ್ತಿತ್ತು. ಆರ್ಪ್ ಶ್ನಿಟ್ಗರ್ ಎಂಬ ಕುಶಲಕರ್ಮಿ 1693ರಲ್ಲಿ ಕಟ್ಟಿ ಮುಗಿಸಿದ ವಾದ್ಯ ಅದು. ಸುಮಾರು 4,000 ಕೊಳವೆಗಳಿವೆ. ಅತಿ ಉದ್ದದ ಸ್ವರದ ಅಳತೆ 32 ಅಡಿ, ಚಿಕ್ಕವು ಪೆನ್ಸಿಲ್‌ನಷ್ಟು. ಒಂದು ಕೊಳವೆಗೆ ಒಂದೇ ಸ್ವರ. ಮನೆ ಒತ್ತಿದರೆ ಗಾಳಿಯ ಬಾಗಿಲು ತೆರೆದು ಕೊಳಲಿನಂತೆ ನುಡಿಯುತ್ತದೆ. ಹಾರ್ಮೋನಿಯಂನಲ್ಲಿ ಹಿತ್ತಾಳೆಯ ರೀಡು ಅದುರುತ್ತದೆ. ಇಲ್ಲಿ ಹೆಚ್ಚಿನವು ಕೊಳಲುಗಳೇ. ಆದರೆ ಎರಡಕ್ಕೂ ಉಸಿರು ತಿದಿಯದೇ. ಕರೆಂಟು ಬರುವ ಮುಂಚೆ ಆರ್ಗನ್ನಿನ ಹಿಂದೆ ತಿದಿ ತುಳಿಯುವವರು ಇರುತ್ತಿದ್ದರು. ಜನರಿಗೆ ಅವರು ಕಾಣುತ್ತಿರಲಿಲ್ಲ.

ಕಣ್ಣು ಮುಚ್ಚಿದರೆ ನನಗೆ ಕಂಡದ್ದು ನಮ್ಮ ಮೇಷ್ಟ್ರ ಕಾಲು.

ಅಂದಿನಿಂದ ಈ ಸಂಗೀತದ ಹುಚ್ಚು ಹಿಡಿಯಿತು. ಸುಮಾರು 1600ರಿಂದ 1750ರವರೆಗಿನ ಕಾಲವನ್ನು ಬರೋಕ್ ಎನ್ನುತ್ತಾರೆ. ಅದರ ದೊಡ್ಡ ಹೆಸರು ಬಾಖ್. ಇಪ್ಪತ್ತರ ಹರೆಯದಲ್ಲಿ ಆತ ಬುಕ್ಸ್ಟೆಹೂಡ ಎಂಬ ಹಿರಿಯರ ಆರ್ಗನ್ ಕೇಳಲು ಸುಮಾರು 400 ಕಿಲೋಮೀಟರ್ ನಡೆದು ಲ್ಯೂಬೆಕ್‌ಗೆ ಹೋದ. ನಮ್ಮವರು ಮಾದಪ್ಪನ ಬೆಟ್ಟಕ್ಕೆ ನಡೆಯುವುದಿಲ್ಲವೇ, ಹಾಗೆ. ನಾಲ್ಕು ವಾರ ರಜೆ ಕೇಳಿ, ನಾಲ್ಕು ತಿಂಗಳಷ್ಟು ಕಳೆದು ಬಂದ. ಮೇಲಿನವರಿಂದ ಬೈಗುಳವೂ ಸಿಕ್ಕಿತು. 1720ರಲ್ಲಿ ಇದೇ ಯಾಕೋಬಿ ಚರ್ಚಿನ ಹುದ್ದೆಗೆ ಅವನ ಹೆಸರಿತ್ತು. ಹುದ್ದೆ ಬೇರೊಬ್ಬರಿಗೆ ಹೋಯಿತು. ಅವರು ಚರ್ಚಿಗೆ 4,000 ಮಾರ್ಕ್ ಕೊಟ್ಟಿದ್ದಾರೆ. ಡೊನೇಷನ್ ಅಲ್ಲೂ ಇತ್ತು ಎಂದು ತಿಳಿದಾಗ ಸರ್ಕಾರಿ ಶಾಲೆಯ ಹುಡುಗನಾದ ನನಗೆ ಬಾಖ್ ಇನ್ನೂ ಹತ್ತಿರದವನಾದ.

ಇದೆಲ್ಲ ನಮಗೆ ದೂರದ ಸಂಗತಿಯೇನಲ್ಲ. ನಮ್ಮ ಜಯಚಾಮರಾಜ ಒಡೆಯರ್ ಪಿಯಾನೋ ಕಲಿತವರು. 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ಬೆಂಗಳೂರಿನ ಕಬ್ಬನ್ ರಸ್ತೆಯ ಸೇಂಟ್ ಆಂಡ್ರ್ಯೂಸ್ ಚರ್ಚಿನಲ್ಲೂ ಹಳೆಯ ಪೈಪ್ ಆರ್ಗನ್ ಇದೆ. ಬಿಡುವಾದಾಗ ಹೋಗಿ ನೋಡಿ.

ನನ್ನ ಮನಸ್ಸಿಗೆ ನಾಟಿದ ಸಂಗತಿ ಇನ್ನೊಂದು. 1917ರಲ್ಲಿ ಯುದ್ಧಕ್ಕೆ ಲೋಹ ಬೇಕೆಂದು ಆ ಆರ್ಗನ್ನಿನ ಮುಂಭಾಗದ ತವರದ ಕೊಳವೆಗಳನ್ನು ಕೊಂಡೊಯ್ದರು. ಎರಡನೇ ಮಹಾಯುದ್ಧದಲ್ಲಿ ಜನ ಉಳಿದ ಕೊಳವೆಗಳನ್ನು ಬಿಚ್ಚಿ ಬೇರೆಡೆ ಕಾಪಾಡಿದರು. 1944ರಲ್ಲಿ ಬಾಂಬಿಗೆ ಚರ್ಚು ಸುಟ್ಟಿತು, ಕೊಳವೆಗಳು ಉಳಿದವು. ವಾದ್ಯ ಪೂರ್ತಿ ದುರಸ್ತಿಯಾದದ್ದು 1993ರಲ್ಲಿ, ಸರಿಯಾಗಿ ಮುನ್ನೂರು ವರ್ಷಕ್ಕೆ.

ಅದನ್ನು ಕೇಳಿ ಊರಿಗೆ ಬಂದೆ. ಮೇಷ್ಟ್ರು ತೀರಿಕೊಂಡಿದ್ದರು. ಹಾರ್ಮೋನಿಯಂ ಅವರ ಮನೆಯ ಅಟ್ಟದ ಮೇಲಿತ್ತು. ತಿದಿಯಲ್ಲಿ ಅವರು ಅಂಟಿಸಿದ್ದ ಚರ್ಮದ ತೇಪೆ ಹಾಗೆಯೇ ಇತ್ತು. ಅದರ ಮುಂದೆ ಕುಳಿತು ಅತ್ತೆ. ಇಷ್ಟು ವರ್ಷ ಒಮ್ಮೆಯಾದರೂ, "ಮೇಷ್ಟ್ರೇ, ಅದು ಇಲಿಯಲ್ಲ, ನಾನು" ಎನ್ನಬಹುದಿತ್ತು. ಇಂದು ಅವರ ಮನೆಯವರೂ ಇಲ್ಲಿದ್ದಾರೆ. ನಿಮ್ಮೆಲ್ಲರ ಮುಂದೆ ಹೇಳುತ್ತಿದ್ದೇನೆ, ಕ್ಷಮಿಸಿ.

ಮನೆಯವರ ಒಪ್ಪಿಗೆ ಪಡೆದು ನಮ್ಮ ಬ್ಯಾಚಿನ ಗೆಳೆಯರು ಸೇರಿ ಅದನ್ನು ಮೈಸೂರಿನಲ್ಲಿ ರಿಪೇರಿ ಮಾಡಿಸಿದ್ದೇವೆ. ತೇಪೆಯನ್ನು ಮಾತ್ರ ತೆಗೆಸಲಿಲ್ಲ. ಬೆಳಿಗ್ಗೆ ಪ್ರಾರ್ಥನೆಗೆ ನುಡಿದದ್ದು ಅದೇ. ಇನ್ನು ಮುಂದೆ ಅದು ಶಾಲೆಯದು. ಗುರುಗಳಲ್ಲಿ ಒಂದೇ ವಿನಂತಿ: ದಯವಿಟ್ಟು ಅದನ್ನು ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ. ಮಕ್ಕಳು ಮುಟ್ಟಲಿ, ತುಳಿಯಲಿ. ಹರಿದರೆ ಫೋನ್ ಮಾಡಿ, ಬಂದು ಸರಿಮಾಡಿಸುತ್ತೇನೆ. "ಉಸ್ರು ಸರಿಯಾಗಿದ್ರ ಸ್ವರ ತಾನಾಗೇ ಬತ್ತುದ ಕನ ಮಗ" ಎಂದು ಮೇಷ್ಟ್ರು ಹೇಳುತ್ತಿದ್ದರು. ಐವತ್ತು ವರ್ಷ ಈ ಶಾಲೆಗೆ ಉಸಿರು ಕೊಟ್ಟ ಗುರುಗಳಿಗೆಲ್ಲ ನನ್ನ ನಮಸ್ಕಾರ.